ಬೋರ್‌ವೆಲ್ ಮೋಟಾರಿನ ಡ್ರೈ ರನ್ ರಕ್ಷಣೆ: ನೀರಿದ್ದಾಗ ನಿಲ್ಲಿಸುತ್ತದೆ, ನೀರಿಲ್ಲದಾಗ ಸುಮ್ಮನಿರುತ್ತದೆ

ಕ್ಯಾತ್ಸಂದ್ರ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಬೋರ್‌ವೆಲ್ ಆರೂವರೆ ಇಂಚಿನದು. ಒಂದೂವರೆ ಎಚ್‌ಪಿಯ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಮೋಟಾರನ್ನು 300 ಅಡಿಗೆ ಇಳಿಸಿದೆ. ಇಳಿಸುವ ಮೊದಲು ದಾರ ಬಿಟ್ಟು ನೋಡಿದಾಗ ನೀರು 180 ಅಡಿಯಲ್ಲಿ ನಿಂತಿತ್ತು. ಹಿಂದಿನ ಮೋಟಾರ್ ನೀರಿಲ್ಲದೆ ಓಡಿ ಸುಟ್ಟುಹೋದ ಕಾರಣ ಈ ಸಲ ಆಟೋ ಪ್ಯಾನೆಲ್ ಬೋರ್ಡಿನೊಳಗೆ, ಕರೆಂಟ್ ನೋಡಿ ಕೆಲಸ ಮಾಡುವ ಡ್ರೈ ರನ್ ಪ್ರಿವೆಂಟರ್ ಹಾಕಿಸಿದ್ದೇವೆ. ಅಳವಡಿಸಿದವರು ಅದನ್ನು 7.5 ಆಂಪಿಯರ್‌ಗೆ ಇಟ್ಟಿದ್ದಾರೆ. ಮೋಟಾರ್ ಎಳೆಯುವ ಕರೆಂಟ್ ಅದಕ್ಕಿಂತ ಕೆಳಗಿಳಿದರೆ ನೀರು ಮುಗಿದಿದೆ ಎಂದು ತಿಳಿದು ಅದು ಮೋಟಾರನ್ನು ನಿಲ್ಲಿಸಬೇಕು, 20 ನಿಮಿಷದ ನಂತರ ತಾನಾಗಿಯೇ ಮತ್ತೆ ಚಾಲೂ ಮಾಡಬೇಕು.

ಈಗಿರುವ ತೊಂದರೆಗಳು ಎರಡು, ಅವು ಒಂದಕ್ಕೊಂದು ತದ್ವಿರುದ್ಧವಾಗಿವೆ. ಬೆಳಗಿನ ಹೊತ್ತು ಬೋರ್‌ನಲ್ಲಿ ನೀರು ಚೆನ್ನಾಗಿರುವಾಗಲೇ ಡ್ರೈ ಎಂಬ ಕೆಂಪು ದೀಪ ಹತ್ತಿ ಮೋಟಾರ್ ನಿಲ್ಲುತ್ತದೆ. ರಾತ್ರಿ ಟೈಮರ್‌ನಲ್ಲಿ ಓಡುವಾಗ ನೀರು ಮುಗಿದು ಪೈಪಿನಲ್ಲಿ ಬರೀ ಗಾಳಿ ಬರುತ್ತಿದ್ದರೂ ಮೋಟಾರ್ ನಿಲ್ಲದೆ ಓಡುತ್ತಿರುತ್ತದೆ. ಗುಂಡಿಯನ್ನು ಮೇಲಕ್ಕೆ ತಿರುಗಿಸಿದರೆ ಬೆಳಗಿನ ತೊಂದರೆ ಹೆಚ್ಚುತ್ತದೆ, ಕೆಳಕ್ಕೆ ತಿರುಗಿಸಿದರೆ ರಾತ್ರಿಯ ಅಪಾಯ ಹೆಚ್ಚುತ್ತದೆ. ಉಪಕರಣವೇ ಕೆಟ್ಟಿದೆಯೇ, ಅಥವಾ ಇಟ್ಟಿರುವ ಅಂಕಿ ತಪ್ಪೇ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಚಿಂತಾಮಣಿಯ ಮೋಟಾರ್ ಮೆಕ್ಯಾನಿಕ್

ಸರ್, ಉಪಕರಣವನ್ನು ಬದಲಾಯಿಸುವ ಮೊದಲು ಅದು ನಿಲ್ಲಿಸು ಎಂದಾಗ ಮೋಟಾರ್ ನಿಜವಾಗಿಯೂ ನಿಲ್ಲುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ರಾತ್ರಿ ನೀರಿಲ್ಲದೆ ಓಡುವಾಗ ಡ್ರೈ ದೀಪ ಹತ್ತಿತ್ತೇ, ಇಲ್ಲವೇ? ದೀಪ ಹತ್ತಿಯೂ ಅಮೀಟರಿನ ಮುಳ್ಳು ಇಳಿಯದಿದ್ದರೆ ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟ್ ಕೊಡುವ, ಕಡಿಯುವ ದೊಡ್ಡ ಸ್ವಿಚ್ಚಿನ) ಪಾಯಿಂಟುಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದೇ ಅರ್ಥ. ಕೆಲವು ಅಗ್ಗದ ಪ್ಯಾನೆಲ್‌ಗಳಲ್ಲಿ ಕಾಂಟ್ಯಾಕ್ಟರೇ ಇರುವುದಿಲ್ಲ. ಮೋಟಾರಿನ ಪೂರ್ತಿ ಕರೆಂಟನ್ನು ಪ್ರಿವೆಂಟರಿನೊಳಗಿನ ಸಣ್ಣ ರಿಲೇಯೇ ಹೊರಬೇಕಾಗುತ್ತದೆ. ಪ್ರತಿ ಸಲ ಮೋಟಾರ್ ಎದ್ದಾಗ ಹರಿಯುವ ಸ್ಟಾರ್ಟಿಂಗ್ ಕರೆಂಟಿಗೆ ಆ ರಿಲೇ ಸುಟ್ಟು ಅಂಟಿಕೊಳ್ಳುತ್ತದೆ. ನಮ್ಮ ಕಡೆ ಬರುವ ಇಂಥ ದೂರುಗಳಲ್ಲಿ ಇದನ್ನು ಆಗಾಗ ಕಾಣುತ್ತೇನೆ.

ಎರಡನೆಯದಾಗಿ ಸಿ.ಟಿ. ನೋಡಬೇಕು. ಕರೆಂಟ್ ಅಳೆಯುವ ಆ ಬಳೆಯೊಳಗೆ ಮೋಟಾರಿಗೆ ಹೋಗುವ ಒಂದೇ ತಂತಿ ಒಂದೇ ಸಲ ಹಾದಿರಬೇಕು. ಫೇಸ್, ನ್ಯೂಟ್ರಲ್ ಎರಡೂ ಹಾದಿದ್ದರೆ ಅದಕ್ಕೆ ಸೊನ್ನೆಯೇ ಕಾಣುತ್ತದೆ, ಎರಡು ಸುತ್ತು ಸುತ್ತಿದ್ದರೆ ಇಮ್ಮಡಿ ಕಾಣುತ್ತದೆ.

ಮೂರನೆಯ ಪ್ರಶ್ನೆ: ಮೋಟಾರಿನ ನೀರು ಹೋಗುವುದು ಎಲ್ಲಿಗೆ? ಆ ಲೈನಿನಲ್ಲಿ ಎಲ್ಲಾದರೂ ಬಾಲ್ ವಾಲ್ವ್ ಅಥವಾ ಗೇಟ್ ವಾಲ್ವ್ ಇದೆಯೇ?

ಕ್ಯಾತ್ಸಂದ್ರ ನಿವಾಸಿ

ಧನ್ಯವಾದಗಳು ಸರ್. ಪ್ಯಾನೆಲ್‌ನಲ್ಲಿ ಕಾಂಟ್ಯಾಕ್ಟರ್ ಇದೆ. ಬೆಳಿಗ್ಗೆ ದೀಪ ಹತ್ತಿದ ಕೂಡಲೇ ಅಮೀಟರ್ ಸೊನ್ನೆಗೆ ಇಳಿಯುವುದರಿಂದ ಅದು ಅಂಟಿಲ್ಲ ಎಂದುಕೊಂಡಿದ್ದೇನೆ. ರಾತ್ರಿ ದೀಪ ಹತ್ತುವುದೇ ಇಲ್ಲ. ಸಿ.ಟಿ.ಯಲ್ಲಿ ಒಂದೇ ತಂತಿ ಇದೆ. ನೀರು ಒಂದೇ ಲೈನಿನಿಂದ ಸಂಪಿಗೂ ಮೇಲಿನ ಟ್ಯಾಂಕಿಗೂ ಹೋಗುತ್ತದೆ. ಬೆಳಿಗ್ಗೆ ಸಂಪಿನ ವಾಲ್ವ್ ಮುಚ್ಚಿ ಟ್ಯಾಂಕಿಗೆ ಮಾತ್ರ ಬಿಡುತ್ತೇವೆ. ತುಂಬಿ ಹರಿಯದಿರಲೆಂದು ಟ್ಯಾಂಕಿನ ಬಾಯಲ್ಲಿ ಬಾಲ್ ವಾಲ್ವ್ ಇದೆ. ರಾತ್ರಿ ಸಂಪಿಗೆ ಬಿಡುತ್ತೇವೆ.

ಮೈಸೂರಿನ ಎಲೆಕ್ಟ್ರಿಕಲ್ ಉಪನ್ಯಾಸಕಿ

ಈ ವಿವರ ಸಿಕ್ಕಿದ್ದರಿಂದ ಬೆಳಗಿನ ತೊಂದರೆಯ ಕಾರಣ ಬಹುತೇಕ ಗೊತ್ತಾದಂತೆಯೇ. ಬೋರ್‌ವೆಲ್ಲಿನ ಪಂಪು ಸೆಂಟ್ರಿಫ್ಯೂಗಲ್ ಬಗೆಯದು. ಅದು ಎಷ್ಟು ಹೆಚ್ಚು ನೀರನ್ನು ಸಾಗಿಸುತ್ತದೆಯೋ ಮೋಟಾರಿನ ಮೇಲೆ ಅಷ್ಟು ಹೆಚ್ಚು ಹೊರೆ ಬೀಳುತ್ತದೆ. ಮುಂದೆ ವಾಲ್ವ್ ಮುಚ್ಚಿಕೊಂಡರೆ ಒತ್ತಡ ಏರುತ್ತದೆಯೇ ಹೊರತು ನೀರು ಸಾಗುವುದಿಲ್ಲವಾದ್ದರಿಂದ ಹೊರೆ ಇಳಿಯುತ್ತದೆ, ಹೊರೆ ಇಳಿದರೆ ಕರೆಂಟೂ ಇಳಿಯುತ್ತದೆ. ಟ್ಯಾಂಕ್ ತುಂಬುತ್ತ ಬಂದು ಬಾಲ್ ವಾಲ್ವ್ ಮುಚ್ಚಿದಾಗ ನಿಮ್ಮ ಪ್ರಿವೆಂಟರ್ ಅದನ್ನೇ ನೀರು ಮುಗಿದಿದೆ ಎಂದು ಓದುತ್ತಿದೆ. ಹಾಗೆ ಓದಿ ನಿಲ್ಲಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ವಾಲ್ವ್ ಮುಚ್ಚಿರುವಾಗ ಓಡುವ ಪಂಪಿನೊಳಗೆ ಅದೇ ನೀರು ಗಿರಗಿರನೆ ತಿರುಗಿ ಕಾಯುತ್ತದೆ, ಮೋಟಾರಿನ ಮೈಗೆ ತಂಪು ಕೊಡುವ ಹರಿವೂ ನಿಲ್ಲುತ್ತದೆ.

ರಾತ್ರಿಯ ತೊಂದರೆ ಇದಕ್ಕಿಂತ ಆಳವಾದದ್ದು. ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರ್ ಎಳೆಯುವ ಕರೆಂಟಿನಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಹೋಗುತ್ತದೆ. ಇನ್ನೊಂದು ದೊಡ್ಡ ಪಾಲು ಕಾಂತಕ್ಷೇತ್ರವನ್ನು ಹಿಡಿದಿಡಲು ಬೇಕಾಗುತ್ತದೆ. ಹೊರೆ ಇಲ್ಲದಿದ್ದರೂ ಈ ಎರಡನೆಯ ಪಾಲು ಕಡಿಮೆಯಾಗುವುದಿಲ್ಲ. ಹಾಗಾಗಿ ನೀರು ಪೂರ್ತಿ ಮುಗಿದರೂ ಆಂಪಿಯರ್ ಸುಮಾರು ಕಾಲು ಭಾಗದಷ್ಟು ಮಾತ್ರ ಇಳಿಯುವುದು ಸಾಮಾನ್ಯ. ಅದರ ಮೇಲೆ, ವೋಲ್ಟೇಜ್ ಏರಿದಂತೆಲ್ಲ ಕಾಂತಕ್ಷೇತ್ರದ ಕರೆಂಟ್ ಬಹಳ ಬೇಗ ಏರುತ್ತದೆ. ರಾತ್ರಿ ಸುತ್ತಲಿನ ಪಂಪುಗಳೆಲ್ಲ ನಿಂತು ಬೀದಿಯ ವೋಲ್ಟೇಜ್ 245, 250ಕ್ಕೆ ಹೋದಾಗ, ನೀರಿಲ್ಲದೆ ಓಡುವ ಮೋಟಾರೂ 7.5 ಆಂಪಿಯರ್‌ಗಿಂತ ಹೆಚ್ಚು ಎಳೆಯಬಲ್ಲದು. ಉಪಕರಣಕ್ಕೆ ಅದು ನೀರೆತ್ತುತ್ತಿರುವ ಮೋಟಾರಿನಂತೆಯೇ ಕಾಣುತ್ತದೆ.

ಇದನ್ನು ಊಹೆಗೆ ಬಿಡದೆ ಅಳೆದು ನೋಡಿ. ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಕ್ಲ್ಯಾಂಪ್ ಮೀಟರಿನಿಂದ ಮೂರು ಸ್ಥಿತಿಗಳಲ್ಲಿ ಕರೆಂಟ್ ಮತ್ತು ವೋಲ್ಟೇಜ್ ಬರೆದಿಟ್ಟುಕೊಳ್ಳಿ: ನೀರು ಸರಾಗವಾಗಿ ಬರುವಾಗ, ಬೋರ್ ಬಾಯಿಯ ಗೇಟ್ ವಾಲ್ವನ್ನು ಪೂರ್ತಿ ಮುಚ್ಚಿದಾಗ, ಮತ್ತು ನೀರು ಮುಗಿದು ಗಾಳಿ ಬರುವಾಗ. ವಾಲ್ವ್ ಮುಚ್ಚುವ ಪರೀಕ್ಷೆ ಅರ್ಧ ನಿಮಿಷ ಮೀರಬಾರದು. ಮುಚ್ಚುವ ವಾಲ್ವ್ ಬೋರ್ ಬಾಯಿಯದೇ ಆಗಿರಬೇಕು, ಏಕೆಂದರೆ ಮನೆಯ ತುದಿಯ ವಾಲ್ವ್ ಮುಚ್ಚಿದರೆ ನಡುವಿನ ಪಿವಿಸಿ ಜಾಯಿಂಟುಗಳ ಮೇಲೆ ಪಂಪಿನ ಪೂರ್ತಿ ಒತ್ತಡ ಬಿದ್ದು ಅವು ಬಿಚ್ಚಿಕೊಳ್ಳಬಹುದು. ಪ್ಯಾನೆಲ್ ತೆರೆಯುವ ಮೊದಲು ಎಂಸಿಬಿ ಮಾತ್ರವಲ್ಲ, ಮೇನ್ ಸ್ವಿಚ್ಚನ್ನೂ ಆರಿಸಿ. ಕೆಪಾಸಿಟರುಗಳು ಆರಿಸಿದ ಮೇಲೂ ಚಾರ್ಜ್ ಹಿಡಿದಿರುತ್ತವೆ, ಅವನ್ನು ಬರಿಗೈಯಿಂದ ಮುಟ್ಟಬೇಡಿ.

ಇನ್ನೊಂದು ಅಳತೆಯನ್ನು ನೀವೇ ಮಾಡಬಹುದು, ನನಗೆ ಅದು ಆಂಪಿಯರ್‌ಗಿಂತಲೂ ಮುಖ್ಯ. ಮನೆಯ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ ಮೋಟಾರ್ ಒಂದನ್ನೇ ಓಡಿಸಿ, ವಿದ್ಯುತ್ ಮೀಟರಿನಲ್ಲಿ ಮಿನುಗುವ ಸಣ್ಣ ಕೆಂಪು ದೀಪ ನಿಮಿಷಕ್ಕೆ ಎಷ್ಟು ಸಲ ಮಿನುಗುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೊ ಮಾಡಿ ಎಣಿಸಿ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂಬುದು ಮೀಟರಿನ ಮುಖದ ಮೇಲೆಯೇ 1600 ಅಥವಾ 3200 ಎಂಬಂತೆ ಬರೆದಿರುತ್ತದೆ. ನಿಮಿಷದ ಎಣಿಕೆಯನ್ನು 60ರಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿದರೆ ಮೋಟಾರ್ ಬಳಸುತ್ತಿರುವ ಕಿಲೋವ್ಯಾಟ್ ಸಿಗುತ್ತದೆ.

ಬಂಟ್ವಾಳದ ತೋಟದವರು

ನಮ್ಮದು ತೆರೆದ ಬಾವಿ, ಮೇಲೆ ಮೊನೊಬ್ಲಾಕ್ ಪಂಪು. ನಮ್ಮಲ್ಲಿಯೂ ಪ್ರಿವೆಂಟರ್ ನೀರಿಲ್ಲ ಎಂದು ಪದೇಪದೇ ನಿಲ್ಲಿಸುತ್ತಿತ್ತು, ಬಾವಿಯಲ್ಲಿ ಮಾತ್ರ ನೀರು ತುಂಬಿತ್ತು. ಕಾರಣ ಫುಟ್ ವಾಲ್ವ್, ಅಂದರೆ ಸಕ್ಷನ್ ಪೈಪಿನ ಕೆಳತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್. ಅದರ ಬಾಯಿಗೆ ಕಸ ಸಿಕ್ಕಿಕೊಂಡು ರಾತ್ರಿಯಿಡೀ ಸಕ್ಷನ್ ಪೈಪಿನ ನೀರು ಬಾವಿಗೆ ಇಳಿದುಹೋಗುತ್ತಿತ್ತು, ಬೆಳಿಗ್ಗೆ ಪಂಪು ಬರೀ ಗಾಳಿಯಲ್ಲಿ ತಿರುಗುತ್ತಿತ್ತು. ನೀರು ತುಂಬಿಸಿ ಹಚ್ಚಿದರೆ ಚೆನ್ನಾಗಿ ಎತ್ತುವುದು, ಮರುದಿನ ಮತ್ತೆ ಅದೇ ಕಥೆ ಎಂದಾದರೆ ಫುಟ್ ವಾಲ್ವನ್ನೇ ನೋಡಬೇಕು. ಬೇಸಿಗೆಯಲ್ಲಿ ನೀರು ಪಂಪಿನಿಂದ ಏಳು ಮೀಟರಿಗಿಂತ ಕೆಳಗೆ ಹೋದರೂ ಮೇಲಿನ ಪಂಪು ಎಳೆಯಲಾರದೆ ಒಣಗಿ ಓಡುತ್ತದೆ; ಆಗ ಪಂಪನ್ನೇ ಕೆಳಗಿಳಿಸಬೇಕು, ಬೇರೆ ದಾರಿಯಿಲ್ಲ. ಕ್ಯಾತ್ಸಂದ್ರದವರ ಬೋರಿಗೆ ಇದು ಹೊಂದುವುದಿಲ್ಲ, ಆದರೆ ತೆರೆದ ಬಾವಿಯವರು ಓದುತ್ತಿದ್ದರೆ ಉಪಯೋಗವಾಗಲಿ ಎಂದು ಬರೆದೆ.

ಕ್ಯಾತ್ಸಂದ್ರ ನಿವಾಸಿ

ಮೇಡಂ, ನೀವು ಹೇಳಿದಂತೆ ಎಲೆಕ್ಟ್ರಿಷಿಯನ್‌ರೊಂದಿಗೆ ಅಳೆದೆವು. ನಮ್ಮ ಮೀಟರಿನ ಮೇಲೆ 3200 ಎಂದಿದೆ.

ಬೆಳಿಗ್ಗೆ, 220 ವೋಲ್ಟ್: ನೀರು ಬರುವಾಗ 9.2 ಆಂಪಿಯರ್, ನಿಮಿಷಕ್ಕೆ 93 ಮಿನುಗು. ವಾಲ್ವ್ ಮುಚ್ಚಿದಾಗ 7.2 ಆಂಪಿಯರ್, 56 ಮಿನುಗು. ಸಂಜೆ ಅದೇ ವೋಲ್ಟೇಜ್ ಇರುವಾಗ ನೀರು ಮುಗಿಯುವವರೆಗೆ ಓಡಿಸಿ ನೋಡಿದರೆ 6.7 ಆಂಪಿಯರ್, 39 ಮಿನುಗು.

ರಾತ್ರಿ, 250 ವೋಲ್ಟ್: ನೀರು ಬರುವಾಗ 9.3 ಆಂಪಿಯರ್, 97 ಮಿನುಗು. ನೀರು ಮುಗಿದಾಗ 7.9 ಆಂಪಿಯರ್, 44 ಮಿನುಗು. ಈ ಕೊನೆಯದನ್ನು ಬರೆದುಕೊಂಡ ತಕ್ಷಣ ಕೈಯಿಂದಲೇ ಮೋಟಾರ್ ಆರಿಸಿದೆವು, ಏಕೆಂದರೆ ಪ್ರಿವೆಂಟರ್ ಆರಿಸಲಿಲ್ಲ.

ಮೈಸೂರಿನ ಎಲೆಕ್ಟ್ರಿಕಲ್ ಉಪನ್ಯಾಸಕಿ

ಇಷ್ಟು ಅಚ್ಚುಕಟ್ಟಾಗಿ ಅಳೆದು ಕೊಟ್ಟಿದ್ದಕ್ಕೆ ಧನ್ಯವಾದಗಳು. ಉತ್ತರ ನಿಮ್ಮ ಅಂಕಿಗಳಲ್ಲಿಯೇ ಇದೆ. ಬೆಳಿಗ್ಗೆ ವಾಲ್ವ್ ಮುಚ್ಚಿದಾಗ 7.2, ಇಟ್ಟಿರುವ ಮಿತಿ 7.5, ಆದ್ದರಿಂದ ನಿಲ್ಲುತ್ತದೆ. ರಾತ್ರಿ ನೀರಿಲ್ಲದಾಗ 7.9, ಮಿತಿ ಅದೇ 7.5, ಆದ್ದರಿಂದ ನಿಲ್ಲುವುದಿಲ್ಲ. ಉಪಕರಣ ಕೆಟ್ಟಿಲ್ಲ. ಅದಕ್ಕೆ ಕೊಟ್ಟ ಅಂಕಿ ನಿಮ್ಮ ಮೋಟಾರಿನಿಂದ ಬಂದದ್ದಲ್ಲ.

ಮಿನುಗುಗಳನ್ನು ಕಿಲೋವ್ಯಾಟ್‌ಗೆ ತಿರುಗಿಸಿದರೆ ನೀರು ಬರುವಾಗ ಬೆಳಿಗ್ಗೆ 1.74, ರಾತ್ರಿ 1.82, ವಾಲ್ವ್ ಮುಚ್ಚಿದಾಗ 1.05, ನೀರಿಲ್ಲದಾಗ ಬೆಳಗಿನ ವೋಲ್ಟೇಜಿನಲ್ಲಿ 0.73, ರಾತ್ರಿಯ ವೋಲ್ಟೇಜಿನಲ್ಲಿ 0.83. ಆಂಪಿಯರ್‌ನಲ್ಲಿ ನೋಡಿದರೆ ರಾತ್ರಿ 9.3ಕ್ಕೂ 7.9ಕ್ಕೂ ನಡುವೆ ಉಳಿದಿರುವ ಸಂದು ಬಹಳ ಕಿರಿದು. ಕಿಲೋವ್ಯಾಟ್‌ನಲ್ಲಿ ನೋಡಿದರೆ ನೀರಿರುವ ಮೋಟಾರ್ ನೀರಿಲ್ಲದ ಮೋಟಾರಿನ ಎರಡು ಪಟ್ಟಿಗಿಂತ ಹೆಚ್ಚು ಬಳಸುತ್ತಿದೆ, ವೋಲ್ಟೇಜ್ ಏರಿದರೂ ಆ ಅಂತರ ಉಳಿಯುತ್ತದೆ. ಆದ್ದರಿಂದ ಸಾಧ್ಯವಾದರೆ ಆಂಪಿಯರ್ ಮಾತ್ರ ನೋಡುವ ಉಪಕರಣದ ಬದಲು ವ್ಯಾಟ್ ಅಥವಾ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಹೋಗುವ ಪಾಲು) ನೋಡುವ ಉಪಕರಣವನ್ನು ಹಾಕಿಸಿ 1.3 ಕಿಲೋವ್ಯಾಟಿನ ಆಸುಪಾಸಿನಲ್ಲಿ ಮಿತಿ ಇಡಿ. ಸದ್ಯಕ್ಕೆ ಇರುವುದನ್ನೇ ಬಳಸುವುದಾದರೆ 8.4 ಆಂಪಿಯರ್ ಇಡಬಹುದು.

ಹಾಗೆ ಇಟ್ಟರೆ ಟ್ಯಾಂಕ್ ತುಂಬಿದಾಗ ಡ್ರೈ ದೀಪ ಹತ್ತುವುದು ಮುಂದುವರಿಯುತ್ತದೆ. ಮುಚ್ಚಿದ ವಾಲ್ವನ್ನು ನೀರಿಲ್ಲದ ಸ್ಥಿತಿಯಿಂದ ಬೇರ್ಪಡಿಸಲೆಂದು 0.83ಕ್ಕೂ 1.05ಕ್ಕೂ ನಡುವೆ ಮಿತಿಯನ್ನು ತೂರಿಸುವ ಪ್ರಯತ್ನ ಮಾಡಬೇಡಿ. ಅದರ ಬದಲು ಟ್ಯಾಂಕಿನಲ್ಲಿ ವಿದ್ಯುತ್ ಫ್ಲೋಟ್ ಸ್ವಿಚ್ ಹಾಕಿ, ಬಾಲ್ ವಾಲ್ವ್ ಮುಚ್ಚುವ ಮೊದಲೇ ಮೋಟಾರ್ ನಿಲ್ಲುವಂತೆ ಮಾಡಿ. ಟ್ಯಾಂಕ್ ತುಂಬಿದ ಸುದ್ದಿ ಟ್ಯಾಂಕಿನಿಂದಲೇ ಬರಲಿ.

ಚಿಂತಾಮಣಿಯ ಮೋಟಾರ್ ಮೆಕ್ಯಾನಿಕ್

ಮೇಡಂ ಹೇಳಿದ ಲೆಕ್ಕ ಸರಿಯಾಗಿದೆ. ಆದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬೋರುಗಳಲ್ಲಿ ನೀರು ಒಮ್ಮೆಲೇ ಮುಗಿಯುವುದಿಲ್ಲ. ಮಟ್ಟ ಪಂಪಿನ ಜಾಲರಿಯವರೆಗೆ ಇಳಿದ ಮೇಲೆ ಒಂದಿಷ್ಟು ಗಾಳಿ, ಒಂದಿಷ್ಟು ನೀರು ಎಂಬಂತೆ ಬಿಟ್ಟುಬಿಟ್ಟು ಬರುತ್ತದೆ. ಅಮೀಟರ್ ಮುಳ್ಳು ಕೆಳಗೆ ಮೇಲೆ ಕುಣಿಯುತ್ತದೆ. ಹಲವು ಪ್ರಿವೆಂಟರುಗಳು ಕರೆಂಟ್ ಸತತವಾಗಿ ಕೆಲವು ಸೆಕೆಂಡು ಕಡಿಮೆ ಇದ್ದರೆ ಮಾತ್ರ ನಿಲ್ಲಿಸುತ್ತವೆ. ನಡುವೆ ಒಂದು ಗುಟುಕು ನೀರು ಸಿಕ್ಕಿ ಮುಳ್ಳು ಮೇಲೇರಿದರೆ ಅವುಗಳ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹೀಗೆ ಗಂಟೆಗಟ್ಟಲೆ ಓಡಿ ಬೇರಿಂಗ್, ಬುಷ್ ಸವೆದ ಮೋಟಾರುಗಳನ್ನು ನಾನು ಬಿಚ್ಚಿದ್ದೇನೆ. ಪಂಪಿನ ಬುಷ್‌ಗಳಿಗೆ ನೀರೇ ಎಣ್ಣೆ.

ಇದಕ್ಕೆ ಮದ್ದು ಎರಡು. ಕಾಯುವ ಅವಧಿಯನ್ನು ಐದು ಸೆಕೆಂಡಿನಷ್ಟು ಕಡಿಮೆ ಇಡಬೇಕು, ಮತ್ತು ಬೋರ್ ಬಾಯಿಯ ಗೇಟ್ ವಾಲ್ವನ್ನು ಸ್ವಲ್ಪ ಹಿಡಿದು, ಬೋರು ಕೊಡುವಷ್ಟೇ ನೀರನ್ನು ಪಂಪು ತೆಗೆಯುವಂತೆ ಮಾಡಬೇಕು. ಬೋರ್ ಕೊರೆದ ದಿನ ಹೇಳಿದ ಇಂಚಿನ ಲೆಕ್ಕವನ್ನು ನಂಬಿ ಕೂರಬೇಡಿ, ಮಾರ್ಚ್, ಏಪ್ರಿಲ್‌ನಲ್ಲಿ ಬರುವ ನೀರೇ ಬೇರೆ.

ಮೈಸೂರಿನ ಎಲೆಕ್ಟ್ರಿಕಲ್ ಉಪನ್ಯಾಸಕಿ

ವಾಲ್ವ್ ಹಿಡಿಯುವ ಸಲಹೆಯನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ: ವಾಲ್ವ್ ಹಿಡಿದಷ್ಟೂ ನೀರು ಬರುವಾಗಿನ ಕರೆಂಟೂ ಇಳಿಯುವುದರಿಂದ ಹಳೆಯ ಮಿತಿ ಆಗ ತಪ್ಪಾಗುತ್ತದೆ. ವಾಲ್ವ್ ಮುಟ್ಟಿದ ಮೇಲೆ ಅಳತೆಯನ್ನು ಮತ್ತೆ ಮಾಡಲೇಬೇಕು. ಆಂಪಿಯರ್ ನೋಡುವ ಉಪಕರಣದಲ್ಲಿ ಮೊದಲೇ ಸಂದು ಕಿರಿದಾಗಿರುವುದರಿಂದ ಹೆಚ್ಚು ಹಿಡಿಯಲು ಅವಕಾಶವಿಲ್ಲ.

ಇನ್ನು ಮರುಚಾಲನೆಯ 20 ನಿಮಿಷದ ವಿಚಾರ. ಆರೂವರೆ ಇಂಚಿನ ಬೋರಿನಲ್ಲಿ ಒಂದು ಅಡಿ ಎತ್ತರಕ್ಕೆ ಸುಮಾರು ಆರೂವರೆ ಲೀಟರ್ ನೀರು ನಿಲ್ಲುತ್ತದೆ. 180ರಿಂದ 300 ಅಡಿಯವರೆಗೆ 120 ಅಡಿ, ಅಂದರೆ ಹೆಚ್ಚುಕಡಿಮೆ 780 ಲೀಟರ್ ನಿಮ್ಮ ಬೋರಿನೊಳಗಿನ ಸಂಗ್ರಹ. ಬಂಡೆಯ ಸಂದಿನಿಂದ ಎಷ್ಟು ನೀರು ಒಸರುತ್ತದೆ ಎಂದು ತಿಳಿಯಲು, ಡ್ರೈ ಆಗಿ ನಿಂತ ಮೇಲೆ 30 ನಿಮಿಷ ಬಿಟ್ಟು ಮತ್ತೆ ಡ್ರೈ ಆಗುವವರೆಗೆ ಓಡಿಸಿ, ಬಂದ ನೀರನ್ನು ಸಂಪಿನಲ್ಲಿ ಅಳೆದು, ಕಾದ ಮತ್ತು ಓಡಿದ ಒಟ್ಟು ನಿಮಿಷಗಳಿಂದ ಭಾಗಿಸಿ.

ಕ್ಯಾತ್ಸಂದ್ರ ನಿವಾಸಿ

ಹಾಗೆಯೇ ಮಾಡಿದೆವು. 30 ನಿಮಿಷ ಬಿಟ್ಟು ಹಚ್ಚಿದಾಗ 20 ನಿಮಿಷ ಓಡಿತು, ಸಂಪಿಗೆ 500 ಲೀಟರಿನಷ್ಟು ಬಂತು.

ಮೈಸೂರಿನ ಎಲೆಕ್ಟ್ರಿಕಲ್ ಉಪನ್ಯಾಸಕಿ

ಹಾಗಾದರೆ ಪಂಪು ತೆಗೆಯುವುದು ನಿಮಿಷಕ್ಕೆ 25 ಲೀಟರ್, ಬೋರಿಗೆ ಒಸರುವುದು ನಿಮಿಷಕ್ಕೆ 10 ಲೀಟರ್. 20 ನಿಮಿಷದಲ್ಲಿ 200 ಲೀಟರ್ ಮಾತ್ರ ಸೇರುತ್ತದೆ, ಮೋಟಾರ್ ಹದಿಮೂರು ನಿಮಿಷ ಓಡಿ ಮತ್ತೆ ಒಣಗುತ್ತದೆ. ರಾತ್ರಿಯಿಡೀ ಇದೇ ಸುತ್ತು ನಡೆದರೆ ಗಂಟೆಗೆ ಹೆಚ್ಚುಕಡಿಮೆ ಎರಡು ಸಲ ಮೋಟಾರ್ ಏಳುತ್ತದೆ, ಎದ್ದಷ್ಟು ಸಲವೂ ಕೊನೆಯ ಕೆಲವು ಸೆಕೆಂಡು ನೀರಿಲ್ಲದೆ ಓಡಿಯೇ ನಿಲ್ಲುತ್ತದೆ. ಬೋರು ಪೂರ್ತಿ ತುಂಬಲು ಕಡಿಮೆಯೆಂದರೂ 78 ನಿಮಿಷ ಬೇಕು. ಮಟ್ಟ ಏರುತ್ತ ಹೋದಂತೆ ಒಸರು ನಿಧಾನವಾಗುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಮರುಚಾಲನೆಯನ್ನು ಎರಡು ಗಂಟೆಗೆ ಇಡಿ. ದಿನಕ್ಕೆ ಸಿಗುವ ನೀರು ಇದರಿಂದ ಸ್ವಲ್ಪ ಕಡಿಮೆಯಾಗಬಹುದು, ಆದರೆ ಮೋಟಾರ್ ಏಳುವ, ಒಣಗುವ ಸಂಖ್ಯೆ ಬಹಳ ಇಳಿಯುತ್ತದೆ.

ಹೊಸಕೋಟೆಯ ಓದುಗ

ಇಷ್ಟೆಲ್ಲ ಕರೆಂಟ್ ಲೆಕ್ಕ ಹಾಕುವ ಬದಲು ಬೋರಿನೊಳಗೆ ಸೆನ್ಸರ್ ತಂತಿ ಇಳಿಸಿದರೆ ನೀರಿನ ಮಟ್ಟವೇ ನೇರವಾಗಿ ತಿಳಿಯುವುದಿಲ್ಲವೇ?

ಚಿಂತಾಮಣಿಯ ಮೋಟಾರ್ ಮೆಕ್ಯಾನಿಕ್

ತಿಳಿಯುತ್ತದೆ ಸರ್. ಪಂಪಿನ ಮೇಲೆ ಒಂದು, ಅದಕ್ಕಿಂತ ಎತ್ತರದಲ್ಲಿ ಇನ್ನೊಂದು ಸ್ಟೀಲ್ ಎಲೆಕ್ಟ್ರೋಡ್ ಕಟ್ಟಿ ಇಳಿಸಿದರೆ ಕೆಳಗಿನದು ಮೋಟಾರನ್ನು ನಿಲ್ಲಿಸುತ್ತದೆ, ನೀರು ಮೇಲಿನದನ್ನು ಮುಟ್ಟಿದಾಗ ಮತ್ತೆ ಹಚ್ಚುತ್ತದೆ. ಹೊಸ ಮೋಟಾರ್ ಇಳಿಸುವಾಗಲೇ ಪೈಪಿಗೆ ಕಟ್ಟಿ ಇಳಿಸುವುದಾದರೆ ನಾನೂ ಅದನ್ನೇ ಹೇಳುತ್ತೇನೆ. ಈಗಾಗಲೇ ಇಳಿದಿರುವ ಪೈಪಿನ ಪಕ್ಕದಲ್ಲಿ 300 ಅಡಿ ತಂತಿ ಬಿಡಲು ಹೋದರೆ ಅದು ಕೇಬಲ್ಲಿಗೆ ಸುತ್ತಿಕೊಂಡು ಮುಂದೆ ಮೋಟಾರ್ ಎತ್ತುವಾಗ ಕಷ್ಟವಾಗುತ್ತದೆ. ನಮ್ಮ ಗಡಸು ನೀರಿನಲ್ಲಿ ಎಲೆಕ್ಟ್ರೋಡಿನ ಮೇಲೆ ಸುಣ್ಣದ ಹೊಪ್ಪಳೆ ಕಟ್ಟಿ, ನೀರಿದ್ದರೂ ಇಲ್ಲ ಎನ್ನುವ ಸಾಧ್ಯತೆ ಇದೆ. ಕೆಸರು ಮೆತ್ತಿಕೊಂಡರೆ ನೀರಿಲ್ಲದಿದ್ದರೂ ಇದೆ ಎನ್ನುತ್ತದೆ, ಅದು ಹೆಚ್ಚು ಅಪಾಯ.

ಇನ್ನೊಂದು ಮಾತು ಎಲ್ಲರಿಗೂ. ಪ್ರಿವೆಂಟರ್ ಸುಮ್ಮನಿದೆ, ಕರೆಂಟ್ ಸರಿಯಾಗಿದೆ, ಆದರೆ ಮೇಲೆ ನೀರು ಬರುತ್ತಿಲ್ಲ ಎಂದಾದರೆ ಬೋರಿನೊಳಗಿನ ಪೈಪ್ ತೂತಾಗಿರಬಹುದು ಅಥವಾ ಜಾಯಿಂಟ್ ಬಿಟ್ಟಿರಬಹುದು. ಪಂಪು ಎತ್ತಿದ ನೀರು ಒಳಗೇ ಸುರಿದು ಅಲ್ಲೇ ಸುತ್ತುತ್ತಿರುತ್ತದೆ. ಮೋಟಾರಿನ ಮೇಲೆ ಹೊರೆ ಇರುವುದರಿಂದ ಕರೆಂಟ್ ಅಥವಾ ವ್ಯಾಟ್ ನೋಡುವ ಯಾವ ಉಪಕರಣವೂ ಇದನ್ನು ಹಿಡಿಯಲಾರದು. ಇದಕ್ಕೆ ವಿರುದ್ಧವಾಗಿ, ಬೋರಿನಲ್ಲಿ ನೀರಿದ್ದರೂ ಹಚ್ಚಿದ ಕೂಡಲೇ ಪ್ರತಿ ಸಲ ಡ್ರೈ ಎಂದರೆ ಶಾಫ್ಟ್ ಅಥವಾ ಕಪ್ಲಿಂಗ್ ತುಂಡಾಗಿರಬಹುದು, ಮಿತಿ ಇಳಿಸಿ ಓಡಿಸಬೇಡಿ.

ಕ್ಯಾತ್ಸಂದ್ರ ನಿವಾಸಿ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಮಿತಿಯನ್ನು 8.4ಕ್ಕೆ, ಕಾಯುವ ಅವಧಿಯನ್ನು ಐದು ಸೆಕೆಂಡಿಗೆ, ಮರುಚಾಲನೆಯನ್ನು ಎರಡು ಗಂಟೆಗೆ ಇಟ್ಟಿದ್ದೇವೆ, ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಬಂದಿದೆ. ರಾತ್ರಿ 248 ವೋಲ್ಟ್ ಇರುವಾಗ ಎದುರಿಗೆ ನಿಂತು ನೋಡಿದೆವು. ನೀರು ಬಿಟ್ಟುಬಿಟ್ಟು ಬರತೊಡಗಿದ ಸ್ವಲ್ಪ ಹೊತ್ತಿಗೆ ಮೋಟಾರ್ ನಿಂತಿತು. ಬೆಳಗಿನ ಡ್ರೈ ದೀಪ ಈಗ ಹತ್ತುತ್ತಿಲ್ಲ. ವ್ಯಾಟ್ ನೋಡುವ ಉಪಕರಣವನ್ನು ಬೇಸಿಗೆಗೆ ಮೊದಲು ಹಾಕಿಸುತ್ತೇವೆ. ಒಂದು ಸಂದೇಹ ಉಳಿದಿದೆ: ಪ್ಯಾನೆಲ್ಲಿನ ಕೆಪಾಸಿಟರ್ ಬದಲಾಯಿಸಿದರೆ ಈ ಅಂಕಿಗಳು ಹಾಗೆಯೇ ಉಳಿಯುತ್ತವೆಯೇ?

ಮೈಸೂರಿನ ಎಲೆಕ್ಟ್ರಿಕಲ್ ಉಪನ್ಯಾಸಕಿ

ಉಳಿಯುವುದಿಲ್ಲ. ರನ್ ಕೆಪಾಸಿಟರಿನ ಮೌಲ್ಯ ವರ್ಷಗಳು ಕಳೆದಂತೆ ಕುಗ್ಗುತ್ತದೆ, ಅದರೊಂದಿಗೆ ಪವರ್ ಫ್ಯಾಕ್ಟರೂ ಆಂಪಿಯರೂ ಬದಲಾಗುತ್ತವೆ. ಹೊಸದನ್ನು ಹಾಕುವಾಗ ಹಳೆಯದರ ಮೇಲೆ ಬರೆದಿರುವ ಮೈಕ್ರೊಫ್ಯಾರಡ್ ಸಂಖ್ಯೆಯದನ್ನೇ ಹಾಕಿಸಿ, ನೀರು ಬರುವಾಗ ಮತ್ತು ನೀರು ಮುಗಿದಾಗಿನ ಅಂಕಿಗಳನ್ನು ಹಗಲು, ರಾತ್ರಿ ಎರಡೂ ಹೊತ್ತು ಮತ್ತೊಮ್ಮೆ ಅಳೆಯಿರಿ. ಈಗ ಬರೆದಿಟ್ಟಿರುವ ಅಂಕಿಗಳನ್ನು ದಿನಾಂಕದೊಂದಿಗೆ ಪ್ಯಾನೆಲ್ ಬಾಗಿಲಿನ ಒಳಮೈಗೆ ಅಂಟಿಸಿಡಿ. ಮುಂದೆ ಯಾವ ಮೆಕ್ಯಾನಿಕ್ ಬಂದರೂ ಅವರ ಕೆಲಸ ಅಲ್ಲಿಂದಲೇ ಶುರುವಾಗಲಿ.